ಫ್ಯಾಂಟಸಿ ಓದಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಮಂಡ್ಯದವನು, ಕೆಲಸ ಮೈಸೂರಿನಲ್ಲಿ. ದಿನಾ ರೈಲಿನಲ್ಲಿ ಓಡಾಡುವುದರಿಂದ ಓದಲು ಸಮಯ ಸಿಗುತ್ತದೆ. ಚಿಕ್ಕಂದಿನಲ್ಲಿ ಚಂದಮಾಮ ಬಿಡದೆ ಓದಿದವನು. ‘ಗೇಮ್ ಆಫ್ ಥ್ರೋನ್ಸ್’ ಟೀವಿಯಲ್ಲಿ ನೋಡಿದ ಮೇಲೆ ಫ್ಯಾಂಟಸಿ ಕಾದಂಬರಿಗಳನ್ನು ಓದುವ ಆಸೆ ಹುಟ್ಟಿದೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ತಂದು ಒಂದೆರಡು ಸಲ ಶುರು ಮಾಡಿದೆ, ಮುಂದಕ್ಕೆ ಹೋಗಲಿಲ್ಲ. ನನ್ನ ಇಂಗ್ಲಿಷ್ ಪೇಪರ್ ಓದುವ ಮಟ್ಟದ್ದು. ಲೇಖಕರು ಮುಗಿಸದೇ ಇರುವ ಸರಣಿ ಬೇಡ. ಕನ್ನಡದಲ್ಲಿ ಏನಾದರೂ ಇದೆಯಾ? ಮಗಳಿಗೆ ಹನ್ನೆರಡು ವರ್ಷ, ಹ್ಯಾರಿ ಪಾಟರ್ ಏಳೂ ಪುಸ್ತಕ ಮುಗಿಸಿ ಕೂತಿದ್ದಾಳೆ. ಅವಳಿಗೂ ಒಂದಿಷ್ಟು ಹೇಳಿ. ನಾನು ಓದುವುದನ್ನೇ ಅವಳಿಗೂ ಕೊಡಬಹುದಾ?

ಉತ್ತರ: ನಮಸ್ಕಾರ. ಮೊದಲು ಒಂದು ಸಮಾಧಾನದ ಮಾತು. ‘ಲಾರ್ಡ್ ಆಫ್ ದಿ ರಿಂಗ್ಸ್’ ಅರ್ಧಕ್ಕೆ ಬಿಟ್ಟವರು ತುಂಬಾ ಜನ ಇದ್ದಾರೆ. ಇಷ್ಟು ವರ್ಷ ಮೈಸೂರಿನಲ್ಲಿ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ಪುಸ್ತಕ ಹೇಳುತ್ತಾ ಬಂದಿದ್ದೇನೆ. ಹೆಚ್ಚಿನವರು ನಿಲ್ಲುವುದು ಎರಡೇ ಜಾಗದಲ್ಲಿ. ಒಂದು, ಕಥೆ ಶುರುವಾಗುವ ಮುಂಚೆಯೇ ಬರುವ, ಹಾಬಿಟ್ ಎಂಬ ಕುಳ್ಳ ಜನರ ಚರಿತ್ರೆ. ಇನ್ನೊಂದು, ಎಲ್‌ರಾಂಡ್ ಎಂಬವನ ಮನೆಯಲ್ಲಿ ನಡೆಯುವ ಆ ಉದ್ದನೆಯ ಸಭೆ. ಅಲ್ಲಿ ಒಬ್ಬೊಬ್ಬರೇ ಎದ್ದು ಹಳೆಯ ಸಂಗತಿ ಹೇಳುತ್ತಾ ಹೋಗುತ್ತಾರೆ. ಹೊಸಬರಿಗೆ ಯಾರು ಯಾರೆಂದು ಗೊತ್ತಾಗುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. 1954–55ರಲ್ಲಿ ಬಂದ ಆ ಪುಸ್ತಕ ದೊಡ್ಡದು, ಒಳ್ಳೆಯದು, ನನಗೆ ಪ್ರೀತಿಯದು. ಆದರೂ ಮೊದಲನೇ ಪುಸ್ತಕವಾಗಿ ಯಾರಿಗೂ ಕೊಡುವುದಿಲ್ಲ.

ಹಾಗಾದರೆ ಶುರು ಎಲ್ಲಿಂದ? ಇದಕ್ಕೆ ನಿಮ್ಮ ಸೀಮೆಯಲ್ಲೇ ಒಂದು ಒಳ್ಳೆಯ ದಾರಿ ಇದೆ. ಮಲೆ ಮಾದಪ್ಪನ ಕಥೆ ಹಾಡುವ ಕಂಸಾಳೆಯವರನ್ನು ಕೇಳಿರುತ್ತೀರಿ. ಆ ಕಾವ್ಯ ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ದೊಡ್ಡದು. ಆದರೆ ಅವರು ಅದನ್ನು ಮೊದಲಿಂದ ಕೊನೆವರೆಗೆ ಒಂದೇ ಸಲ ಹಾಡಿಯೇ ತೀರಬೇಕು ಅಂತ ಹಟ ಹಿಡಿಯುವುದಿಲ್ಲ. ಒಂದು ಸಾಲು, ಅಂದರೆ ಕಾವ್ಯದ ಒಂದು ಭಾಗ, ಎತ್ತಿಕೊಳ್ಳುತ್ತಾರೆ. ಸಂಕಮ್ಮನ ಸಾಲು ಅಂದರೆ ಅದೇ ಒಂದು ಪೂರ್ತಿ ಕಥೆ. ಕಾಡಿಗೆ ಜೇನಿಗೆ ಹೊರಟ ನೀಲೇಗೌಡ ಹೆಂಡತಿಯ ಮೇಲೆ ಅನುಮಾನಪಟ್ಟು ‘ಭಾಷೆ ಕೊಡು’ ಅನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅಲ್ಲಿಂದ ಮುಂದಿನದೆಲ್ಲ, ಅವಳು ಪಡುವ ಪಾಡು, ಮಾದಪ್ಪ ನೆರವಿಗೆ ಬರುವುದು, ಎಲ್ಲವೂ ಆ ಒಂದು ಮಾತಿನಿಂದಲೇ ಬೆಳೆಯುತ್ತದೆ. ಕೇಳುವವರು ಯಾರೂ ‘ಶ್ರವಣ ರಾಕ್ಷಸನ ಕಥೆ ಮೊದಲು ಆಗಲಿ, ಆಮೇಲೆ ಇದು’ ಅನ್ನುವುದಿಲ್ಲ. ಈ ಒಂದು ಸಾಲಿನಿಂದಲೇ ಆ ಲೋಕದ ಒಳಗೆ ಹೋಗುತ್ತಾರೆ.

ಫ್ಯಾಂಟಸಿಯನ್ನೂ ಹೀಗೇ ಓದಿ ಅಂತ ನನ್ನ ಸಲಹೆ. ಹತ್ತು ಸಂಪುಟದ ಸರಣಿಯ ಮುಂದೆ ನಿಂತು ಹೆದರಬೇಡಿ. ತನ್ನಷ್ಟಕ್ಕೆ ತಾನು ಮುಗಿಯುವ ಒಂದು ಸಾಲು ಹಿಡಿಯಿರಿ. ರುಚಿ ಹತ್ತಿದರೆ ಮುಂದಿನದು ತಾನಾಗೇ ಕರೆಯುತ್ತದೆ.

ಆ ಲೆಕ್ಕದಲ್ಲಿ ನಾನು ನಿಮ್ಮ ಕೈಗೆ ಮೊದಲು ಕೊಡುವ ಪುಸ್ತಕ ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. 1968ರದು. ಇನ್ನೂರು ಪುಟದ ಆಸುಪಾಸು. ನೂರಾರು ದ್ವೀಪಗಳ ಒಂದು ಲೋಕ. ಅದರಲ್ಲಿ ಗಾಂಟ್ ಎಂಬ ಗುಡ್ಡಗಾಡಿನ ದ್ವೀಪ. ಅಲ್ಲಿ ತಾಯಿ ಇಲ್ಲದ ಒಬ್ಬ ಹುಡುಗ, ಅಪ್ಪ ಕಂಚಿನ ಕೆಲಸದವನು. ಹುಡುಗನ ದೊಡ್ಡಮ್ಮನೋ ಚಿಕ್ಕಮ್ಮನೋ ಒಬ್ಬಳು ಊರಿನ ಮಾಟಗಾತಿ. ಒಂದು ದಿನ ಗುಡಿಸಲ ಮೇಲೆ ಹತ್ತಿ ಕೂತ ಮೇಕೆಗೆ ಅವಳು ಏನೋ ಒಂದು ಮಾತು ಕೂಗುತ್ತಾಳೆ, ಮೇಕೆ ಇಳಿದು ಬರುತ್ತದೆ. ಹುಡುಗ ಅದನ್ನು ಕೇಳಿಸಿಕೊಂಡಿರುತ್ತಾನೆ. ಮಾರನೇ ದಿನ ಮೇಕೆ ಮೇಯಿಸುವಾಗ ಸುಮ್ನೆ ಅದೇ ಮಾತು ಕೂಗುತ್ತಾನೆ. ಮೇಕೆಗಳು ಬರುತ್ತವೆ. ಎಲ್ಲವೂ ಬರುತ್ತವೆ. ಸದ್ದಿಲ್ಲದೆ, ಹಳದಿ ಕಣ್ಣು ಬಿಟ್ಟುಕೊಂಡು ಅವನನ್ನು ಸುತ್ತುಗಟ್ಟುತ್ತವೆ. ಅವನಿಗೆ ನಗು ಬರುತ್ತದೆ, ಇನ್ನೂ ಜೋರಾಗಿ ಕೂಗುತ್ತಾನೆ. ಅವು ಇನ್ನೂ ಒತ್ತಿಕೊಳ್ಳುತ್ತವೆ. ಆಮೇಲೆ ಭಯವಾಗುತ್ತದೆ. ಓಡುತ್ತಾನೆ. ಮೇಕೆಗಳೂ ಅವನನ್ನು ನಡುವೆ ಇಟ್ಟುಕೊಂಡು ಒಟ್ಟಿಗೇ ಓಡುತ್ತವೆ. ಕರೆಯುವ ಮಾತು ಅವನಿಗೆ ಗೊತ್ತು, ಬಿಡಿಸುವ ಮಾತು ಗೊತ್ತಿಲ್ಲ.

ಇಷ್ಟೂ ಮೊದಲ ಕೆಲವೇ ಪುಟದಲ್ಲಿ ಆಗಿಹೋಗುತ್ತದೆ. ಇಡೀ ಪುಸ್ತಕದ ಬೀಜ ಅಲ್ಲೇ ಇದೆ. ಹುಡುಗ ಬೆಳೆದು ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಹೋಗುತ್ತಾನೆ. ಹ್ಯಾರಿ ಪಾಟರ್ ಬರುವುದಕ್ಕೆ ಸುಮಾರು ಮೂವತ್ತು ವರ್ಷ ಮುಂಚೆ ಬರೆದ ಶಾಲೆ ಇದು. ಅಲ್ಲಿ ಗುರುಗಳು ಹೇಳಿಕೊಡುವ ಮೊದಲ ಪಾಠವೇ ಜಾಗ್ರತೆ. ಒಂದು ಕಲ್ಲನ್ನು ನಿಜವಾಗಿ ರತ್ನ ಮಾಡಿದರೆ ಲೋಕವೇ ಅಷ್ಟು ಬದಲಾದ ಹಾಗೆ, ಅದರ ಪರಿಣಾಮ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಗೊತ್ತಿಲ್ಲದೆ ಮಾಡಬಾರದು ಅನ್ನುತ್ತಾರೆ. ಹುಡುಗನಿಗೆ ತಾಳ್ಮೆ ಇಲ್ಲ, ಜಂಬ ಜಾಸ್ತಿ. ಜಿದ್ದಿಗೆ ಬಿದ್ದು ಮಾಡಬಾರದ್ದು ಮಾಡುತ್ತಾನೆ. ಅದರಿಂದ ಹೊರಬಂದ ಒಂದು ನೆರಳು ಅವನ ಬೆನ್ನು ಹತ್ತುತ್ತದೆ. ಮುಂದಿನದು ನಾನು ಹೇಳುವುದಿಲ್ಲ.

ಈ ಪುಸ್ತಕದಲ್ಲಿ ದೊಡ್ಡ ಯುದ್ಧ ಇಲ್ಲ. ನೀವು ಟೀವಿಯಲ್ಲಿ ನೋಡಿದ ಹಾಗೆ ಸಾವಿರಾರು ಜನ ಕತ್ತಿ ಹಿಡಿದು ಓಡುವುದಿಲ್ಲ. ಡ್ರ್ಯಾಗನ್ ಇದೆ, ಮಾತಾಡುತ್ತದೆ, ಅದರ ಜೊತೆ ಚೌಕಾಸಿ ನಡೆಯುತ್ತದೆ. ಇನ್ನೊಂದು ಸಂಗತಿ ಗಮನಿಸಿ. ಇದರ ನಾಯಕ ಕಂದುಗೆಂಪು ಬಣ್ಣದವನು, ಅವನ ಗೆಳೆಯ ಇನ್ನೂ ಕಪ್ಪು. ಲೇಖಕಿ ಬೇಕೆಂದೇ ಹಾಗೆ ಬರೆದರು. ಆದರೂ ಎಷ್ಟೋ ಮುಖಪುಟಗಳಲ್ಲಿ ಅವನನ್ನು ಬಿಳಿಯನ ಹಾಗೆ ಬಿಡಿಸಿದರು, ಲೇಖಕಿಗೆ ಅದು ಬಹಳ ಬೇಸರ ತಂದಿತ್ತು.

ಮುಂದಿನದು ‘ದಿ ಟೂಂಬ್ಸ್ ಆಫ್ ಅಟುವಾನ್’. ಐದು ವರ್ಷದ ಒಂದು ಹುಡುಗಿಯನ್ನು ಮನೆಯಿಂದ ತಂದು, ಅವಳ ಹೆಸರನ್ನೂ ಕಿತ್ತುಕೊಂಡು, ಕತ್ತಲ ದೇವರುಗಳ ಪೂಜಾರಿಣಿ ಮಾಡುತ್ತಾರೆ. ನೆಲದಡಿಯ ಸುರಂಗಗಳಲ್ಲಿ ದೀಪ ಹಚ್ಚುವ ಹಾಗಿಲ್ಲ. ಗೋಡೆ ಸವರುತ್ತಾ, ತಿರುವು ಎಣಿಸುತ್ತಾ ಅವಳು ದಾರಿ ಕಲಿಯುವ ಪುಟಗಳಿವೆಯಲ್ಲ, ಅವನ್ನು ರಾತ್ರಿ ಒಬ್ಬರೇ ಕೂತು ಓದಿ. ಮೂರನೆಯದು ‘ದಿ ಫಾರ್ದೆಸ್ಟ್ ಶೋರ್’, 1972ರಲ್ಲಿ ಬಂತು. ಆಮೇಲೆ ಹದಿನೆಂಟು ವರ್ಷ ಬಿಟ್ಟು 1990ರಲ್ಲಿ ‘ತೆಹಾನು’ ಬರೆದರು. ಅದು ಬೇರೆಯೇ ಹದದ್ದು. ಮಾಂತ್ರಿಕರ ಲೋಕದಲ್ಲಿ ಪಾತ್ರೆ ತೊಳೆಯುವವರು ಯಾರು, ಮೇಕೆ ನೋಡಿಕೊಳ್ಳುವವರು ಯಾರು, ಸುಟ್ಟ ಗಾಯದ ಮಗುವನ್ನು ಸಾಕುವವರು ಯಾರು ಅಂತ ಕೇಳುವ ಪುಸ್ತಕ. ನಲವತ್ತು ದಾಟಿದವರು ಓದಿದರೆ ಬೇರೆಯೇ ತಟ್ಟುತ್ತದೆ. 2001ರಲ್ಲಿ ಬಂದ ಎರಡು ಪುಸ್ತಕಗಳೊಂದಿಗೆ ಸರಣಿ ಮುಗಿಯುತ್ತದೆ. ಅಂದರೆ ಮುಗಿಯದ ಭಯ ಇಲ್ಲ. ಬೇಕೆಂದರೆ ಮೊದಲನೆಯದು ಓದಿ ನಿಲ್ಲಿಸಿಬಿಡಬಹುದು, ಏನೂ ಅರ್ಧವಾಯಿತು ಅನ್ನಿಸುವುದಿಲ್ಲ.

ಇಂಗ್ಲಿಷ್ ವಿಷಯ ಕೇಳಿದ್ದೀರಿ. ಲೆ ಗ್ವಿನ್ ಅವರ ಪದಗಳು ಕಷ್ಟವಲ್ಲ, ಆದರೆ ಒಂದೊಂದು ವಾಕ್ಯದಲ್ಲೂ ತುಂಬಾ ಇರುತ್ತದೆ. ನಿಧಾನ ಓದಬೇಕು. ಗೊತ್ತಿಲ್ಲದ ಪದ ಬಂದಾಗಲೆಲ್ಲ ಮೊಬೈಲ್ ತೆಗೆದು ಅರ್ಥ ಹುಡುಕಬೇಡಿ. ಫ್ಯಾಂಟಸಿಯಲ್ಲಿ ಅರ್ಧ ಪದಗಳನ್ನು ಲೇಖಕರೇ ಕಟ್ಟಿರುತ್ತಾರೆ, ನಿಘಂಟಿನಲ್ಲಿ ಸಿಗುವುದೇ ಇಲ್ಲ. ಹತ್ತು ಪುಟ ಹೋದರೆ ಅರ್ಥ ತಾನಾಗಿ ಬರುತ್ತದೆ. ಹೆಸರುಗಳು ಗೊಂದಲವಾದರೆ ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೇ ಇಟ್ಟುಕೊಳ್ಳಿ. ಮುಂದೆ ನಕ್ಷೆ ಇದ್ದರೆ ಬೆರಳಿಟ್ಟು ನೋಡಿಕೊಳ್ಳಿ. ಅರ್ಥ್‌ಸೀಯಲ್ಲಂತೂ ಯಾವ ದ್ವೀಪದಿಂದ ಯಾವ ದ್ವೀಪಕ್ಕೆ ದೋಣಿ ಹೋಯಿತು ಎಂದು ನೋಡುವುದೇ ಒಂದು ಖುಷಿ.

ಇಲ್ಲ, ನನಗೆ ಓಟ ಬೇಕು, ಶ್ರೀರಂಗಪಟ್ಟಣ ದಾಟಿದ್ದೂ ಗೊತ್ತಾಗಬಾರದು ಅನ್ನುವುದಾದರೆ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ‘ಮಿಸ್ಟ್‌ಬಾರ್ನ್’ ಹಿಡಿಯಿರಿ. ಮೊದಲ ಪುಸ್ತಕ ‘ದಿ ಫೈನಲ್ ಎಂಪೈರ್’, 2006ರದು. 2007, 2008ರಲ್ಲಿ ಇನ್ನೆರಡು ಬಂದು ಆ ಕಥೆ ಪೂರ್ತಿ ಮುಗಿಯಿತು. ಇಂಗ್ಲಿಷ್ ತೀರಾ ಸರಳ. ಪೇಪರ್ ಓದುವವರಿಗೆ ಧಾರಾಳವಾಗಿ ಸಾಕು. ಪುಟ ಮಾತ್ರ ಜಾಸ್ತಿ.

ಆಕಾಶದಿಂದ ಬೂದಿ ಉದುರುತ್ತಲೇ ಇರುವ ಒಂದು ರಾಜ್ಯ. ಸಾವಿರ ವರ್ಷದಿಂದ ಒಬ್ಬನೇ ಚಕ್ರವರ್ತಿ, ಸಾಯುವುದೇ ಇಲ್ಲ. ಅವನ ಖಜಾನೆಗೇ ಕನ್ನ ಹಾಕಲು ಕಳ್ಳರ ಒಂದು ತಂಡ ಹೊರಡುತ್ತದೆ. ಅದರಲ್ಲಿ ವಿನ್ ಎಂಬ ಬೀದಿ ಹುಡುಗಿ. ಇಲ್ಲಿನ ಮಾಯೆ ಲೋಹದ್ದು. ಲೋಹದ ಪುಡಿ ನುಂಗಿ, ಅದನ್ನು ಹೊಟ್ಟೆಯೊಳಗೆ ‘ಉರಿಸಿದರೆ’ ಒಂದೊಂದು ಲೋಹಕ್ಕೆ ಒಂದೊಂದು ಶಕ್ತಿ. ತವರ ಉರಿಸಿದರೆ ಕಣ್ಣು ಕಿವಿ ಚುರುಕಾಗುತ್ತದೆ. ಕಬ್ಬಿಣ ಉರಿಸಿದರೆ ಲೋಹದ ವಸ್ತುಗಳನ್ನು ತನ್ನ ಕಡೆಗೆ ಎಳೆಯಬಹುದು, ಉಕ್ಕು ಉರಿಸಿದರೆ ದೂರ ತಳ್ಳಬಹುದು. ಆದರೆ ತಳ್ಳುವ ವಸ್ತು ನಿಮಗಿಂತ ಹಗುರವಾದರೆ ಅದು ಹಾರುತ್ತದೆ, ಭಾರವಾಗಿದ್ದರೆ ನೀವೇ ಹಿಂದಕ್ಕೆ ಹಾರುತ್ತೀರಿ. ವಿನ್ ಒಂದು ನಾಣ್ಯವನ್ನು ನೆಲಕ್ಕೆ ಹಾಕಿ ಅದನ್ನು ತಳ್ಳುತ್ತಾಳೆ. ನಾಣ್ಯ ಹೋಗಿ ನೆಲಕ್ಕೆ ತಾಗಿ ನಿಂತ ಕೂಡಲೇ ಅವಳು ಮೇಲಕ್ಕೆ ಚಿಮ್ಮುತ್ತಾಳೆ. ಈ ನಿಯಮಗಳನ್ನು ಲೇಖಕರು ಎಲ್ಲೂ ಮುರಿಯುವುದಿಲ್ಲ. ನಾಯಕಿ ಸಿಕ್ಕಿಬಿದ್ದಾಗ ಸುತ್ತ ಯಾವ ಲೋಹ ಇದೆ, ಅವಳ ಹೊಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ನಾವೂ ಅವಳ ಜೊತೆ ಲೆಕ್ಕ ಹಾಕುತ್ತಿರುತ್ತೇವೆ. ಮಜಾ ಇರುವುದೇ ಅಲ್ಲಿ.

ಇದನ್ನು ಓದುವಾಗ ನನಗೆ ನಿಮ್ಮ ಮಳವಳ್ಳಿ ಕಡೆಯ ಮಂಟೇಸ್ವಾಮಿ ಕಾವ್ಯವೇ ನೆನಪಾಗುತ್ತದೆ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋಗುತ್ತಾನೆ. ಅಲ್ಲಿ ಕಬ್ಬಿಣದ ಕೆಲಸ ಮಾಡುವ ಪಾಂಚಾಳರು ಕೊಡುವುದಿಲ್ಲ, ಅವನಿಗೆ ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ನೀಲಗಾರರು ತಂಬೂರಿ ಹಿಡಿದು ಆ ಭಾಗ ಹಾಡುವಾಗ ಕಬ್ಬಿಣವೆಂದರೆ ಬರೀ ಲೋಹವಾಗಿ ಉಳಿಯುವುದಿಲ್ಲ, ಯಾರ ಕೈಯಲ್ಲಿದೆಯೋ ಅವರ ಅಧಿಕಾರವಾಗಿಬಿಡುತ್ತದೆ. ಅಮೆರಿಕದ ಲೇಖಕರಿಗೆ ಹಲಗೂರಿನ ಕಥೆ ಗೊತ್ತಿರಲು ಸಾಧ್ಯವಿಲ್ಲ. ಆದರೆ ಲೋಹ ಇರುವವನು ಆಳುತ್ತಾನೆ, ಇಲ್ಲದವನು ಅದನ್ನು ಹೇಗಾದರೂ ದಕ್ಕಿಸಿಕೊಳ್ಳಬೇಕು ಅನ್ನುವ ಜಗಳ ಎರಡೂ ಕಡೆ ಒಂದೇ. ಅದಕ್ಕೇ ಹೇಳುವುದು, ಈ ಪುಸ್ತಕಗಳು ನಿಮಗೆ ಹೊಸವಲ್ಲ. ಕೇಳಿ ಬೆಳೆದವರು ನೀವು.

ಸ್ಯಾಂಡರ್ಸನ್ ಅವರಲ್ಲಿ ನನಗೊಂದು ತಕರಾರಿದೆ. ಹೇಳಿದ್ದನ್ನೇ ಹೇಳುತ್ತಾರೆ. ಒಂದು ಪಾತ್ರಕ್ಕೆ ಅನುಮಾನ ಬಂದರೆ ಆ ಅನುಮಾನವನ್ನು ನಾಲ್ಕು ಕಡೆ ವಿವರಿಸುತ್ತಾರೆ. ರೈಲಿನಲ್ಲಿ ಓದುವವರಿಗೆ ಇದೇ ಅನುಕೂಲವೂ ಹೌದು, ನಡುವೆ ಯಾರಾದರೂ ಮಾತಾಡಿಸಿದರೂ ಎಳೆ ತಪ್ಪುವುದಿಲ್ಲ. ಅವರದ್ದೇ ‘ಸ್ಟಾರ್ಮ್‌ಲೈಟ್ ಆರ್ಕೈವ್’ 2010ರಿಂದ 2024ರ ತನಕ ಐದು ಸಂಪುಟ ಬಂದು ಮೊದಲ ಘಟ್ಟ ಮುಗಿದಿದೆ. ಒಂದೊಂದೂ ಸಾವಿರ ಪುಟದ ಮೇಲೆ. ಅದು ಮುಂದಿನ ಮಾತು.

‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವರನ್ನು ಪೂರಾ ಬಿಡಬೇಡಿ. ‘ದಿ ಹಾಬಿಟ್’ ಓದಿ. 1937ರದು, ಚಿಕ್ಕದು, ಮಕ್ಕಳಿಗೆಂದು ಬರೆದದ್ದು. ಅದರ ಐದನೇ ಅಧ್ಯಾಯ ಒಂದಕ್ಕೇ ಪುಸ್ತಕದ ಕಾಸು ವಸೂಲು. ಬೆಟ್ಟದ ಹೊಟ್ಟೆಯೊಳಗೆ, ಕತ್ತಲಲ್ಲಿ, ಒಂದು ಕೊಳದ ದಡದಲ್ಲಿ ಕಥೆಯ ನಾಯಕ ಬಿಲ್ಬೋ ಎಂಬ ಹಾಬಿಟ್ ಮತ್ತು ಅಲ್ಲೇ ವಾಸಿಸುವ ಗಾಲಮ್ ಎಂಬ ವಿಚಿತ್ರ ಜೀವಿ ಒಗಟು ಹಾಕುತ್ತಾರೆ. ಬಿಲ್ಬೋ ಗೆದ್ದರೆ ಹೊರಹೋಗುವ ದಾರಿ, ಸೋತರೆ ಗಾಲಮ್ ಅವನನ್ನು ತಿಂದುಬಿಡುತ್ತಾನೆ. ಮೊಟ್ಟೆ, ಮೀನು, ಕತ್ತಲೆ, ಕಾಲ, ಎಲ್ಲದರ ಮೇಲೂ ಒಗಟು. ನಮ್ಮ ಹಳ್ಳಿಗಳಲ್ಲಿ ಸಂಜೆ ಕೂತು ಒಗಟು ಬಿಡಿಸಿದವರಿಗೆ ಆ ಅಧ್ಯಾಯ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಇನ್ನೊಂದು ಸಂಗತಿ ಗೊತ್ತಿರಲಿ. 1937ರ ಮೊದಲ ಮುದ್ರಣದಲ್ಲಿ ಗಾಲಮ್ ಇಷ್ಟು ಕೆಟ್ಟವನಾಗಿರಲಿಲ್ಲ, ಸೋತ ಮೇಲೆ ಮರ್ಯಾದೆಯಿಂದ ದಾರಿ ತೋರಿಸುತ್ತಿದ್ದ. ಆಮೇಲೆ ಉಂಗುರದ ದೊಡ್ಡ ಕಥೆ, ಅಂದರೆ ‘ಲಾರ್ಡ್ ಆಫ್ ದಿ ರಿಂಗ್ಸ್’, ಬರೆಯುತ್ತಾ ಹೋದಾಗ ಇದು ಹೊಂದಲಿಲ್ಲ. ಆದ್ದರಿಂದ 1951ರ ಮುದ್ರಣಕ್ಕೆ ಟೋಲ್ಕಿನ್ ಆ ಅಧ್ಯಾಯವನ್ನು ತಿದ್ದಿದರು. ನಾವೀಗ ಓದುವುದು ತಿದ್ದಿದ್ದನ್ನೇ. ‘ಹಾಬಿಟ್’ ಮುಗಿಸಿ, ಅರ್ಥ್‌ಸೀ ಮುಗಿಸಿ, ಆಮೇಲೆ ಬೇಕೆನಿಸಿದರೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಕೈಗೆತ್ತಿಕೊಳ್ಳಿ. ಮುನ್ನುಡಿಯ ಚರಿತ್ರೆಯನ್ನು ಹಾರಿಸಿ, ಬಿಲ್ಬೋನ ಹುಟ್ಟುಹಬ್ಬದಿಂದ ಶುರು ಮಾಡಿ. ಮೊದಲ ಓದಿಗೆ ಹಾಡುಗಳನ್ನೂ ಹಾರಿಸಬಹುದು.

ನಗಿಸುತ್ತಲೇ ಯೋಚನೆಗೆ ಹಚ್ಚುವವರು ಬೇಕಾದರೆ ಟೆರ್ರಿ ಪ್ರಾಚೆಟ್. 1983ರಿಂದ 2015ರವರೆಗೆ ‘ಡಿಸ್ಕ್‌ವರ್ಲ್ಡ್’ ಅಂತ ನಲವತ್ತೊಂದು ಕಾದಂಬರಿ. ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಮೇಲೆ ಹೇಳಿದ ಸಾಲಿನ ಮಾತು ಇಲ್ಲಿಗೆ ಪೂರ್ತಿ ಒಪ್ಪುತ್ತದೆ. ಯಾವುದನ್ನು ಎತ್ತಿಕೊಂಡರೂ ಹೆಚ್ಚುಕಮ್ಮಿ ಪೂರ್ತಿ ಕಥೆ. ಲೋಕ ಒಂದು ತಟ್ಟೆ. ಅದನ್ನು ಹೊತ್ತ ನಾಲ್ಕು ಆನೆ, ಆನೆಗಳನ್ನು ಹೊತ್ತ ಒಂದು ಆಮೆ. ಕೂರ್ಮಾವತಾರ, ದಿಗ್ಗಜಗಳ ಕಥೆ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ? ಅನೇಕರು ಮೊದಲ ಸಂಪುಟದಿಂದ ಹೊರಟು ನಿರಾಸೆಪಡುತ್ತಾರೆ. ಲೇಖಕರ ಕೈ ಆಗಿನ್ನೂ ಪಳಗಿರಲಿಲ್ಲ. ನೀವು 1992ರ ‘ಸ್ಮಾಲ್ ಗಾಡ್ಸ್’ ತೆಗೆದುಕೊಳ್ಳಿ. ಓಮ್ ಎಂಬ ಮಹಾದೇವರು ಭೂಮಿಗೆ ಬಂದು ನೋಡಿದರೆ ತಾನು ಒಂದು ಪುಟ್ಟ ಆಮೆಯಾಗಿಬಿಟ್ಟಿದ್ದಾನೆ. ಯಾಕೆಂದರೆ ಗುಡಿ ಇದೆ, ಪೂಜಾರಿಗಳಿದ್ದಾರೆ, ದಂಡಿಸುವ ಅಧಿಕಾರಿಗಳಿದ್ದಾರೆ, ಆದರೆ ಮನಸ್ಸಿನಿಂದ ನಂಬುವವನು ಒಬ್ಬನೇ ಒಬ್ಬ ಹುಡುಗ ಉಳಿದಿದ್ದಾನೆ. ನಂಬಿಕೆ ಎಷ್ಟೋ ದೇವರ ಬಲ ಅಷ್ಟೇ. ನಗು ಬರುತ್ತದೆ, ಆದರೆ ಪುಸ್ತಕ ಯಾರ ನಂಬಿಕೆಯನ್ನೂ ಹಂಗಿಸುವುದಿಲ್ಲ, ಅದರ ಹೆಸರಲ್ಲಿ ನಡೆಯುವ ಕ್ರೌರ್ಯವನ್ನು ಮಾತ್ರ ಬಿಡುವುದಿಲ್ಲ. ಬ್ರಿಟಿಷರ ಮಾತಿನ ಚಮತ್ಕಾರ ಕೆಲವು ಕಡೆ ಕೈಗೆ ಸಿಗದೆ ಹೋಗಬಹುದು. ಹೋದರೆ ಹೋಗಲಿ. ಅದಾದ ಮೇಲೆ ‘ಮಾರ್ಟ್’. ಕೂಲಿ ಸಂತೆಯಲ್ಲಿ ಯಾರಿಗೂ ಬೇಡವಾದ ಹುಡುಗನನ್ನು ನಡುರಾತ್ರಿ ಮೃತ್ಯುವೇ ಬಂದು ಕೆಲಸ ಕಲಿಯಲು ಕರೆದುಕೊಂಡು ಹೋಗುತ್ತಾನೆ.

ಇನ್ನು ಮುಗಿಯದ ಸರಣಿಗಳ ವಿಷಯ. ನೀವು ಟೀವಿಯಲ್ಲಿ ನೋಡಿದ ಕಥೆಯ ಮೂಲ ಜಾರ್ಜ್ ಮಾರ್ಟಿನ್ ಅವರದು. 1996ರಲ್ಲಿ ಶುರುವಾಯಿತು, ಐದನೇ ಸಂಪುಟ 2011ರಲ್ಲಿ ಬಂತು. ಮುಂದಿನದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ಟೀವಿ ಪುಸ್ತಕವನ್ನು ಹಿಂದೆ ಹಾಕಿ 2019ರಲ್ಲಿ ತನ್ನದೇ ಕೊನೆ ಮಾಡಿಕೊಂಡಿತು. ಪ್ಯಾಟ್ರಿಕ್ ರಾಥ್‌ಫಸ್ ಅವರ ‘ದಿ ನೇಮ್ ಆಫ್ ದಿ ವಿಂಡ್’ ಸರಣಿಯದೂ ಇದೇ ಪಾಡು. ಎರಡನೆಯದು 2011ರಲ್ಲಿ ಬಂತು, ಮೂರನೆಯದು ಬಂದಿಲ್ಲ. ಎರಡೂ ಚೆನ್ನಾಗಿವೆ, ಆದರೆ ನಿಮ್ಮ ಷರತ್ತಿಗೆ ಹೊಂದುವುದಿಲ್ಲ, ಈಗ ಬೇಡ. ರಾಬರ್ಟ್ ಜೋರ್ಡನ್ ಅವರ ‘ವೀಲ್ ಆಫ್ ಟೈಮ್’ ಮುಗಿದಿದೆ. ಲೇಖಕರು 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರನ್ನು ಸ್ಯಾಂಡರ್ಸನ್ ಪೂರೈಸಿದರು. ಆದರೆ ಹದಿನಾಲ್ಕು ದಪ್ಪ ಸಂಪುಟ, ನಡುವಿನ ಕೆಲವು ಬಹಳ ಎಳೆಯುತ್ತವೆ. ಹೊಸಬರಿಗೆ ಹೇಳಲು ಮನಸ್ಸು ಬರುವುದಿಲ್ಲ.

ಟೀವಿಯಲ್ಲಿ ನಿಮಗೆ ಹಿಡಿಸಿದ್ದು ಡ್ರ್ಯಾಗನ್ನಿಗಿಂತ ಅರಮನೆಯ ಒಳಗಿನ ರಾಜಕೀಯವಾದರೆ ರಾಬಿನ್ ಹಾಬ್ ಅವರ ‘ಅಸಾಸಿನ್ಸ್ ಅಪ್ರೆಂಟಿಸ್’ ನೋಡಿ. 1995ರಿಂದ 1997ರ ನಡುವೆ ಬಂದ ಮೂರು ಪುಸ್ತಕಗಳ ಮೊದಲನೆಯದು. ರಾಜಕುಮಾರನಿಗೆ ಮದುವೆಯಾಚೆ ಹುಟ್ಟಿದ ಆರು ವರ್ಷದ ಹುಡುಗನನ್ನು ಅಜ್ಜ ತಂದು ಕಾವಲುಗಾರರ ಕೈಗೆ ಒಪ್ಪಿಸಿ ಹೋಗುತ್ತಾನೆ. ಕುದುರೆ ಲಾಯದವನು ಅವನನ್ನು ಸಾಕುತ್ತಾನೆ. ಆಮೇಲೆ ರಾಜನಿಗಾಗಿ ಗುಟ್ಟಾಗಿ ಕೊಲ್ಲುವ ವಿದ್ಯೆ ಕಲಿಸುತ್ತಾರೆ. ಹುಡುಗನಿಗೆ ನಾಯಿಗಳ ಮನಸ್ಸಿನೊಳಗೆ ಇಳಿಯಲು ಬರುತ್ತದೆ, ಆ ಊರಿನಲ್ಲಿ ಅದು ನಾಚಿಕೆಗೇಡು. ನಿಧಾನದ ಕಥೆ. ನೋವು ಬಹಳ. ಸಾಕಿದವನಿಗೂ ಹುಡುಗನಿಗೂ ನಡುವೆ ಹೇಳದೆ ಉಳಿಯುವ ಪ್ರೀತಿ ಬೇರೆ ಯಾವ ಫ್ಯಾಂಟಸಿಯಲ್ಲೂ ನನಗೆ ಹೀಗೆ ಸಿಕ್ಕಿಲ್ಲ.

ಸರಣಿಯೇ ಬೇಡ, ಒಂದೇ ಪುಸ್ತಕ ಸಾಕು ಅಂದರೆ ಸುಸಾನಾ ಕ್ಲಾರ್ಕ್ ಅವರ ‘ಪಿರಾನೇಸಿ’, 2020ರದು. ಕೊನೆಯಿಲ್ಲದ ಒಂದು ಮನೆ, ಕೋಣೆ ಕೋಣೆಗೂ ಶಿಲ್ಪಗಳು, ಕೆಳಗಿನ ಅಂತಸ್ತಿನಲ್ಲಿ ಸಮುದ್ರ ಏರಿಳಿಯುತ್ತದೆ. ಅಲ್ಲಿ ಒಬ್ಬನೇ ಇರುವವನು ದಿನಚರಿ ಬರೆಯುತ್ತಾನೆ. ಅದರ ಬಗ್ಗೆ ಯಾರೂ ನಿಮಗೆ ಇನ್ನೂ ಜಾಸ್ತಿ ಹೇಳದಿರಲಿ, ಹಿಂದಿನ ಹೊದಿಕೆಯನ್ನೂ ಓದಬೇಡಿ.

ಎನ್.ಕೆ. ಜೆಮಿಸಿನ್ ಅವರ ‘ದಿ ಫಿಫ್ತ್ ಸೀಸನ್’ ಸರಣಿಯ ಮೂರೂ ಪುಸ್ತಕಕ್ಕೆ 2016, 2017, 2018ರಲ್ಲಿ ಸತತವಾಗಿ ಹ್ಯೂಗೋ ಪ್ರಶಸ್ತಿ ಬಂತು. ವಿಜ್ಞಾನ ಕಥೆ, ಫ್ಯಾಂಟಸಿಗೆ ಕೊಡುವ ದೊಡ್ಡ ಪ್ರಶಸ್ತಿ ಅದು. ಭೂಕಂಪವನ್ನು ತಡೆಯಬಲ್ಲ ಜನರನ್ನೇ ಲೋಕ ಕೀಳಾಗಿ ನಡೆಸಿಕೊಳ್ಳುವ ಕಥೆ. ಒಳ್ಳೆಯದು, ಆದರೆ ಬರವಣಿಗೆ ಕಷ್ಟ. ನಾಲ್ಕೈದು ಪುಸ್ತಕ ಆದ ಮೇಲೆ ಇರಲಿ. ನಮ್ಮ ನೆಲದ ಬಣ್ಣ ಇರುವ ಲೋಕ ಬೇಕಾದರೆ ತಾಶಾ ಸೂರಿ ಅವರ ‘ದಿ ಜ್ಯಾಸ್ಮಿನ್ ಥ್ರೋನ್’. 2021ರಲ್ಲಿ ಶುರುವಾಗಿ 2024ರಲ್ಲಿ ಮೂರನೆಯದರೊಂದಿಗೆ ಮುಗಿದಿದೆ. ಇಬ್ಬರು ಹೆಂಗಸರ ನಡುವಿನ ಪ್ರೀತಿಯೂ ರಾಜ್ಯದ ಜಗಳವೂ ಅದರಲ್ಲಿ ಒಟ್ಟಿಗೇ ಹೋಗುತ್ತವೆ.

ಕನ್ನಡದಲ್ಲಿ ಏನಿದೆ ಅಂತ ಕೇಳಿದ್ದೀರಿ. ಫ್ಯಾಂಟಸಿ ಅಂತ ಬೋರ್ಡು ಹಾಕಿದ ಕಪಾಟು ಅಂಗಡಿಗಳಲ್ಲಿ ಕಾಣುವುದು ಕಡಿಮೆ. ಆದರೆ ಸರಕು ಬೇರೆ ಕಪಾಟುಗಳಲ್ಲಿ ಇದೆ. ಮೊದಲು ಎ.ಆರ್. ಕೃಷ್ಣಶಾಸ್ತ್ರಿಗಳ ‘ಕಥಾಮೃತ’ ಹುಡುಕಿ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರವನ್ನು ಶಾಸ್ತ್ರಿಗಳು ಕನ್ನಡದಲ್ಲಿ ಹೇಳಿದ್ದಾರೆ. ನೀವು ಚಂದಮಾಮದಲ್ಲಿ ತಿಂಗಳು ತಿಂಗಳು ಕಾದು ಓದಿದ ಬೇತಾಳನ ಮೂಲ ಇಲ್ಲೇ ಇದೆ. ಕಥೆಯೊಳಗೆ ಕಥೆ, ಅದರೊಳಗೆ ಇನ್ನೊಂದು. ದಪ್ಪ ಪುಸ್ತಕ, ಎಲ್ಲಿ ತೆರೆದರೂ ಸಾಗುತ್ತದೆ.

ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳನ್ನು ಬಿಡಲೇಬೇಡಿ. ಇಂಗ್ಲಿಷಿನಲ್ಲಿ ‘ಎ ಫ್ಲವರಿಂಗ್ ಟ್ರೀ’ ಎಂಬ ಸಂಕಲನ 1997ರಲ್ಲಿ ಬಂತು. ಹೆಸರಿನ ಕಥೆಯಲ್ಲಿ ಒಬ್ಬ ಬಡ ಹುಡುಗಿ. ಅವಳ ಮೇಲೆ ಒಂದು ಬಿಂದಿಗೆ ನೀರು ಹೊಯ್ದರೆ ಹೂಬಿಡುವ ಮರವಾಗುತ್ತಾಳೆ, ಇನ್ನೊಂದು ಹೊಯ್ದರೆ ಮತ್ತೆ ಹುಡುಗಿ. ಹೂವನ್ನು ಮೆತ್ತಗೆ ಬಿಡಿಸಬೇಕು, ಕೊಂಬೆ ಮುರಿಯಬಾರದು. ರಾಜಕುಮಾರ ಮದುವೆಯಾಗುತ್ತಾನೆ. ನಾದಿನಿ ಒಂದು ದಿನ ತೋಟಕ್ಕೆ ಕರೆದೊಯ್ದು, ಮರವಾಗು ಎಂದು ಕಾಡುತ್ತಾಳೆ. ಅವಳ ಗೆಳತಿಯರು ಮರ ಹತ್ತಿ ಕೊಂಬೆ ಮುರಿದು ಹಾಕುತ್ತಾರೆ, ಎರಡನೇ ಬಿಂದಿಗೆಯನ್ನು ಸರಿಯಾಗಿ ಹೊಯ್ಯದೆ ಹೋಗಿಬಿಡುತ್ತಾರೆ. ಹುಡುಗಿ ಕೈಕಾಲಿಲ್ಲದ ಅರ್ಧ ದೇಹವಾಗಿ ಉಳಿಯುತ್ತಾಳೆ. ಮಾಯೆಗೆ ಒಂದು ಕಟ್ಟಳೆ, ಕಟ್ಟಳೆ ಮುರಿದರೆ ಒಂದು ಬೆಲೆ. ಗಾಂಟ್ ದ್ವೀಪದ ಮೇಕೆ ಹುಡುಗನಿಗೂ ಇವಳಿಗೂ ದೂರವೇನಿಲ್ಲ. ಗಿರೀಶ ಕಾರ್ನಾಡರು ಈ ಕಥೆಯಿಂದಲೇ 1992ರಲ್ಲಿ ‘ಚೆಲುವಿ’ ಸಿನಿಮಾ ಮಾಡಿದರು. ಅವರ ‘ನಾಗಮಂಡಲ’ ನಾಟಕವೂ ರಾಮಾನುಜನ್ ಹೇಳಿದ ಕಥೆಯಿಂದ ಹುಟ್ಟಿದ್ದು. ಅದರ ಆರಂಭದಲ್ಲಿ ಊರಿನ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಒಂದು ಪಾಳುಗುಡಿಗೆ ಬಂದು, ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ನಾಟಕ ಓದಿ ಅಭ್ಯಾಸ ಇಲ್ಲದಿದ್ದರೂ ಇದನ್ನು ಓದಿ.

ಕಾದಂಬರಿಯೇ ಬೇಕು ಅಂದರೆ ಚಂದ್ರಶೇಖರ ಕಂಬಾರರ ‘ಶಿಖರ ಸೂರ್ಯ’. ಕಂಬಾರರದೇ ಆದ ಶಿವಾಪುರ ಇದೆ, ಕನಕಪುರಿ ಇದೆ, ವಿದ್ಯೆಯನ್ನು ಅಧಿಕಾರಕ್ಕೆ ತಿರುಗಿಸಿಕೊಳ್ಳುವ ಒಬ್ಬ ಮನುಷ್ಯ ಇದ್ದಾನೆ. ದೊಡ್ಡ ಲೋಕ ಕಟ್ಟುವ ಕೆಲಸ ಕನ್ನಡದಲ್ಲಿ ಹೇಗೆ ನಡೆದಿದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪುಸ್ತಕ ನಾನು ಹೇಳಲಾರೆ. ಮಲೆ ಮಾದೇಶ್ವರ ಕಾವ್ಯವೂ ಪಿ.ಕೆ. ರಾಜಶೇಖರ ಅವರಂಥವರ ಸಂಗ್ರಹದ ಮೂಲಕ ಅಚ್ಚಾಗಿದೆ. ಆದರೆ ಅದನ್ನು ಓದುವುದಕ್ಕಿಂತ ಕೇಳುವುದೇ ಸರಿ.

ಮಗಳ ವಿಷಯಕ್ಕೆ ಬರೋಣ. ಹ್ಯಾರಿ ಪಾಟರ್ ಮುಗಿಸಿದ ಮಕ್ಕಳಿಗೆ ಅಂಥದ್ದೇ ಇನ್ನೊಂದು ಶಾಲೆಯ ಕಥೆ ಕೊಟ್ಟರೆ ಬೇಗ ಬೇಸರವಾಗುತ್ತದೆ. ಡಯಾನಾ ವಿನ್ ಜೋನ್ಸ್ ಅವರ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಕೊಡಿ, 1986ರದು. ಮೂವರು ಅಕ್ಕತಂಗಿಯರಲ್ಲಿ ಸೋಫಿ ದೊಡ್ಡವಳು. ಕಥೆಗಳಲ್ಲಿ ಯಾವಾಗಲೂ ಕೊನೆಯವಳೇ ಗೆಲ್ಲುವುದು, ನನಗೇನೂ ಒಳ್ಳೆಯದಾಗುವುದಿಲ್ಲ ಅಂತ ಅವಳೇ ತೀರ್ಮಾನಿಸಿಕೊಂಡು ಟೋಪಿ ಅಂಗಡಿಯಲ್ಲಿ ಹೊಲಿಯುತ್ತಾ ಕೂತಿರುತ್ತಾಳೆ. ಒಬ್ಬ ಮಾಟಗಾತಿ ಬಂದು ಅವಳನ್ನು ಮುದುಕಿ ಮಾಡಿಬಿಡುತ್ತಾಳೆ. ಮುದುಕಿಯಾದ ಮೇಲೆ ಸೋಫಿಗೆ ಧೈರ್ಯ ಬರುತ್ತದೆ. ಯಾರಿಗೂ ಹೆದರದೆ ಮಾತಾಡುತ್ತಾಳೆ, ಭಯಂಕರ ಮಾಂತ್ರಿಕನ ಮನೆಗೇ ನುಗ್ಗಿ ಕಸ ಗುಡಿಸುತ್ತಾಳೆ. ಹನ್ನೆರಡರ ಹುಡುಗಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗಲಾರದು. ಇದೇ ಹೆಸರಿನ ಸಿನಿಮಾನೂ ಇದೆ, ಅದನ್ನು ಪುಸ್ತಕ ಮುಗಿದ ಮೇಲೆ ತೋರಿಸಿ, ಅದರಲ್ಲಿ ಕಥೆ ಬಹಳ ಬೇರೆಯಾಗಿದೆ.

ಆಮೇಲೆ ಸಲ್ಮಾನ್ ರಶ್ದಿ ಅವರ ‘ಹಾರೂನ್ ಅಂಡ್ ದಿ ಸೀ ಆಫ್ ಸ್ಟೋರೀಸ್’, 1990. ಕಥೆ ಹೇಳುವ ಶಕ್ತಿ ಕಳೆದುಕೊಂಡ ಅಪ್ಪನಿಗಾಗಿ ಮಗ ಕಥೆಗಳ ಕಡಲಿಗೇ ಹೋಗುತ್ತಾನೆ. ಇದನ್ನು ನೀವಿಬ್ಬರೂ ಒಟ್ಟಿಗೆ, ಗಟ್ಟಿಯಾಗಿ ಓದಬಹುದು. ಫಿಲಿಪ್ ಪುಲ್ಮನ್ ಅವರ ‘ನಾರ್ದರ್ನ್ ಲೈಟ್ಸ್’ ಸರಣಿಯ ಮೂರೂ ಅವಳಿಗೆ ಈಗ ಆಗುತ್ತದೆ. ಮೂರನೆಯದು ಸ್ವಲ್ಪ ಭಾರ, ಒಂದೆರಡು ವರ್ಷ ಬಿಟ್ಟರೂ ನಡೆಯುತ್ತದೆ. ಕನ್ನಡದಲ್ಲಿ ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಹಳೆ ಪುಸ್ತಕ, ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ. ಇಂಗ್ಲಿಷಿನ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ನ ಕನ್ನಡ ರೂಪ ಅದು, ಆಲಿಸ್ ಎಂಬ ಹುಡುಗಿ ನಮ್ಮ ಮನೆ ಮಗುವಾಗಿ ಮಾತಾಡುತ್ತಾಳೆ.

ನಿಮ್ಮ ಪುಸ್ತಕಗಳಲ್ಲಿ ಅರ್ಥ್‌ಸೀಯ ಮೊದಲ ಮೂರು, ‘ಹಾಬಿಟ್’, ‘ಕಥಾಮೃತ’ದಿಂದ ನೀವು ಆರಿಸಿಕೊಟ್ಟ ಕಥೆಗಳನ್ನು ಅವಳು ಓದಬಹುದು. ‘ಮಿಸ್ಟ್‌ಬಾರ್ನ್’ ಹದಿನಾಲ್ಕರ ಮೇಲೆ ಇರಲಿ, ಹಿಂಸೆ ಇದೆ. ಮಾರ್ಟಿನ್, ಹಾಬ್, ಜೆಮಿಸಿನ್, ತಾಶಾ ಸೂರಿ, ‘ತೆಹಾನು’ ಇವು ದೊಡ್ಡವಳಾದ ಮೇಲೆ.

ಕೊಳ್ಳುವಾಗ ಎರಡು ವಿಷಯ ನೋಡಿಕೊಳ್ಳಿ. ‘ನಾರ್ದರ್ನ್ ಲೈಟ್ಸ್’ ಮತ್ತು ‘ದಿ ಗೋಲ್ಡನ್ ಕಂಪಾಸ್’ ಒಂದೇ ಪುಸ್ತಕ. ಅಮೆರಿಕದಲ್ಲಿ ಬೇರೆ ಹೆಸರಿಟ್ಟರು. ಎರಡೂ ಕೊಂಡುಬಿಡಬೇಡಿ. ಇನ್ನೊಂದು, ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ ಕಳ್ಳ ಮುದ್ರಣ ಬೇಡ. ಅಕ್ಷರ ಮಸುಕು, ನಡುವೆ ಪುಟಗಳೇ ಇರುವುದಿಲ್ಲ, ನಕ್ಷೆಯಂತೂ ಕಪ್ಪು ಕಲೆಯಾಗಿರುತ್ತದೆ. ಹಳೆಯ ಪುಸ್ತಕದ ಅಂಗಡಿಯಲ್ಲಿ ಯಾರೋ ಓದಿ ಮಾರಿದ ಅಸಲಿ ಪ್ರತಿ ಅಷ್ಟೇ ದುಡ್ಡಿಗೆ ಸಿಗುತ್ತದೆ. ಅರ್ಥ್‌ಸೀಯ ಎಲ್ಲ ಕಥೆಗಳನ್ನೂ ಸೇರಿಸಿ 2018ರಲ್ಲಿ ಚಾರ್ಲ್ಸ್ ವೆಸ್ ಚಿತ್ರಗಳೊಂದಿಗೆ ಒಂದು ದೊಡ್ಡ ಸಂಪುಟ ಬಂದಿದೆ. ನೋಡಲು ಸೊಗಸು, ಆದರೆ ರೈಲಿನಲ್ಲಿ ನಿಂತು ಹಿಡಿದು ಓದಲು ಆಗುವುದಿಲ್ಲ. ನಿಮಗೆ ಬಿಡಿ ಪುಸ್ತಕವೇ ಸರಿ. ಮೊದಲನೆಯದನ್ನು ಮಾತ್ರ ಕೊಳ್ಳಿ, ಅದು ಮುಗಿದ ಮೇಲೆ ಎರಡನೆಯದು.